ಪ್ಲಸ್ ವನ್ ಗಣಿತ: ಮೇಲೆ ಕೆಳಗೆ ಕಟ್ ಮಾಡಿದ ಮೇಲೂ 3 ಯಾಕೆ ಹಾಕಬಾರದು?

ಮುಳ್ಳೇರಿಯದ ಅಮ್ಮ

ಎಲ್ಲರಿಗೂ ನಮಸ್ಕಾರ. ಗಣಿತ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಮಗಳು ಈ ವರ್ಷ ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸು. ಹತ್ತರವರೆಗೆ ಕನ್ನಡ ಮಾಧ್ಯಮ. ಗಣಿತ ಅಂದರೆ ಅವಳಿಗೆ ಜೀವ. ಈಗ ಪುಸ್ತಕ ಇಂಗ್ಲಿಷಿನಲ್ಲಿ, ಕ್ಲಾಸಿನಲ್ಲಿ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ಮೊನ್ನೆ ಟೆಸ್ಟ್‌ನಲ್ಲಿ ಈ ಪ್ರಶ್ನೆ ಬಂದಿತ್ತು:

(ಕ್ಷ² − 9) / (ಕ್ಷ − 3). ಇದರ ಡೊಮೈನ್ ಬರೆಯಿರಿ.

(ಡೊಮೈನ್ ಅಂದರೆ ಕ್ಷ ಜಾಗಕ್ಕೆ ಹಾಕಬಹುದಾದ ಸಂಖ್ಯೆಗಳು. ಎಕ್ಸ್ ಇದ್ದಲ್ಲಿ ಕ್ಷ ಅಂತ ಹಾಕಿದ್ದೇನೆ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಮಾತ್ರ ಇರುವುದು.)

ಮೇಲಿನದು (ಕ್ಷ − 3)(ಕ್ಷ + 3) ಆಗುತ್ತದೆ. ಕೆಳಗಿನ ಕ್ಷ − 3 ಜೊತೆ ಕಟ್ ಮಾಡಿದಳು. ಕ್ಷ + 3 ಉಳಿಯಿತು. ಅದಕ್ಕೆ ಯಾವ ಸಂಖ್ಯೆ ಹಾಕಿದರೂ ಆಗುತ್ತದೆ, ಹಾಗಾಗಿ ಡೊಮೈನ್ ಎಲ್ಲ ವಾಸ್ತವ ಸಂಖ್ಯೆಗಳು ಅಂತ ಬರೆದಳು. ಸೊನ್ನೆ ಮಾರ್ಕು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 3 ಬರೆದು ಅದರ ಸುತ್ತ ಒಂದು ವೃತ್ತ, ಅಷ್ಟೇ.

ನಾನು ಓದಿದ್ದು ಪಿಯುಸಿ ತನಕ. ನನಗೂ ಅವಳು ಮಾಡಿದ್ದು ಸರಿ ಅಂತಲೇ ಕಾಣುತ್ತದೆ. ಕಟ್ ಮಾಡುವುದನ್ನು ಏಳನೇ ಕ್ಲಾಸಿನಿಂದ ಇವರೇ ಕಲಿಸಿದ್ದಲ್ವಾ? ಕಟ್ ಮಾಡಿ ಹೋದ ಮೇಲೆ 3ರ ಸುದ್ದಿ ಯಾಕೆ?

ಇನ್ನೊಂದು. ಅಸಿಂಪ್ಟೋಟ್ ಅಂದರೆ ಗ್ರಾಫ್ ಯಾವತ್ತೂ ಮುಟ್ಟದ ಗೆರೆ ಅಂತ ನೋಟ್ಸ್‌ನಲ್ಲಿ ಉಂಟು. ಅದೇ ಪುಟದಲ್ಲಿ ಕ್ಷ/(ಕ್ಷ² + 1) ಗ್ರಾಫ್ ಬಿಡಿಸಿದ್ದಾರೆ. ಅದು ಆ ಗೆರೆಯನ್ನು ದಾಟಿಕೊಂಡೇ ಹೋಗುತ್ತದೆ. ಮಗಳು ನಿನ್ನೆ ರಾತ್ರಿ ಇದನ್ನೇ ಹಿಡಿದುಕೊಂಡು ಕೂತಿದ್ದಳು, ಊಟಕ್ಕೂ ಬರಲಿಲ್ಲ.

ಉಪ್ಪಳದವ

ಮಗಳ ಉತ್ತರ ತಪ್ಪು. ಆದರೆ ಸೊನ್ನೆ ಮಾರ್ಕು ಕೊಟ್ಟದ್ದು ಇನ್ನೂ ದೊಡ್ಡ ತಪ್ಪು.

ಕುಂಬಳೆ ಮಾಷ್ಟ್ರು

ಅಕ್ಕ, ನಾನು ಮೂವತ್ತು ವರ್ಷ ಇದೇ ಪಾಠ ಮಾಡಿದವನು. ಪ್ರತಿ ವರ್ಷ ಅರ್ಧ ಕ್ಲಾಸು ಇದೇ ತಪ್ಪು ಮಾಡುತ್ತಿತ್ತು. ಹಾಗಾಗಿ ಮಗಳಿಗೆ ಬೇಜಾರು ಬೇಡ ಅಂತ ಹೇಳಿ.

ಮೊದಲು ಭಾಗಾಕಾರ ಅಂದರೆ ಏನು ಅಂತ ನೋಡುವಾ. 6 ಭಾಗಿಸು 3 ಎಷ್ಟು ಅಂತ ಕೇಳಿದರೆ, ನಾವು ನಿಜವಾಗಿ ಕೇಳುವುದು "3ಕ್ಕೆ ಎಷ್ಟರಿಂದ ಗುಣಿಸಿದರೆ 6 ಬರುತ್ತದೆ?" ಅಂತ. ಉತ್ತರ 2, ಬೇರೆ ಯಾವುದೂ ಅಲ್ಲ. ಈಗ 5 ಭಾಗಿಸು 0. ಸೊನ್ನೆಗೆ ಎಷ್ಟರಿಂದ ಗುಣಿಸಿದರೆ 5 ಬರುತ್ತದೆ? ಯಾವುದರಿಂದಲೂ ಬರುವುದಿಲ್ಲ. ಇನ್ನು 0 ಭಾಗಿಸು 0. ಸೊನ್ನೆಗೆ ಎಷ್ಟರಿಂದ ಗುಣಿಸಿದರೆ ಸೊನ್ನೆ? 1 ಆದರೂ ಸರಿ, 7 ಆದರೂ ಸರಿ, 1000 ಆದರೂ ಸರಿ. ಒಂದು ಕಡೆ ಉತ್ತರವೇ ಇಲ್ಲ, ಇನ್ನೊಂದು ಕಡೆ ಉತ್ತರ ಲೆಕ್ಕಕ್ಕಿಂತ ಜಾಸ್ತಿ. ಎರಡೂ ನಮಗೆ ಉಪಯೋಗಕ್ಕಿಲ್ಲ. ಅದಕ್ಕೇ ಛೇದ ಸೊನ್ನೆ ಆಗುವ ಕಡೆಗೆ ಹೋಗಬಾರದು ಅನ್ನುವುದು.

ಮಗಳ ಲೆಕ್ಕದಲ್ಲಿ ಕ್ಷ ಜಾಗಕ್ಕೆ 3 ಹಾಕಿ. ಮೇಲೆ 9 − 9 = 0, ಕೆಳಗೆ 3 − 3 = 0. ಕಟ್ ಮಾಡುವುದು ಅಂದರೆ ಮೇಲೆ ಕೆಳಗೆ ಒಂದೇ ಸಂಖ್ಯೆಯಿಂದ ಭಾಗಿಸುವುದು. ಇಲ್ಲಿ ಕ್ಷ − 3ರಿಂದ ಭಾಗಿಸಿದ್ದು. ಕ್ಷ 3 ಆಗಿದ್ದರೆ ಆ ಕ್ಷ − 3 ಸೊನ್ನೆ. ಸೊನ್ನೆಯಿಂದ ಭಾಗಿಸಿದ ಹಾಗೆ ಆಯಿತು. "ಕ್ಷ 3 ಅಲ್ಲ" ಅಂತ ಒಪ್ಪಿಕೊಂಡ ಮೇಲೆಯೇ ಕಟ್ ಮಾಡಲು ಹಕ್ಕು ಬರುವುದು. ಕಟ್ ಮಾಡಿದ ಮೇಲೆ ಆ ಒಪ್ಪಂದವನ್ನು ಮರೆತರೆ ಆಗಲಿಲ್ಲ.

ಡೊಮೈನ್ ಕೇಳಿದಾಗ ಪ್ರಶ್ನೆಯಲ್ಲಿ ಕೊಟ್ಟ ರೂಪವನ್ನೇ ನೋಡಬೇಕು. ಮೊದಲು ಡೊಮೈನ್ ಬರೆಯುವುದು, ಮತ್ತೆ ಕಟ್ ಮಾಡುವುದು. ಈ ಅನುಕ್ರಮ ತಪ್ಪಬಾರದು.

ಮುಳ್ಳೇರಿಯದ ಅಮ್ಮ

ಮಾಷ್ಟ್ರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅವಳಿಗೆ ಓದಿ ಹೇಳಿದೆ. ಅವಳದ್ದು ಒಂದು ಪ್ರಶ್ನೆ: ಹಾಗಾದರೆ ಗ್ರಾಫ್‌ನಲ್ಲಿ 3ರ ಹತ್ತಿರ ಏನಾಗುತ್ತದೆ? ಫೋನಿನ ಆ್ಯಪ್‌ನಲ್ಲಿ ಹಾಕಿ ನೋಡಿದರೆ ನೇರ ಗೆರೆ ಕಾಣುತ್ತದೆ. ಎಲ್ಲಿಯೂ ತುಂಡಾಗಿಲ್ಲ.

ಪೆರ್ಲ ಬಿಎಸ್ಸಿ

ಅಕ್ಕ, ಅಲ್ಲಿ ಒಂದು ತೂತು ಉಂಟು. 3ರಲ್ಲಿ ಬೆಲೆ ಇಲ್ಲ, ಆದರೆ 2.999ರಲ್ಲಿ 5.999, 3.001ರಲ್ಲಿ 6.001. ಗೆರೆ ಎರಡು ಕಡೆಯಿಂದಲೂ 6ರ ಹತ್ತಿರ ಬರುತ್ತದೆ, (3, 6) ಅನ್ನುವ ಆ ಒಂದೇ ಒಂದು ಬಿಂದು ಮಾತ್ರ ಇಲ್ಲ. ಬಿಂದುವಿಗೆ ಅಗಲ ಇಲ್ಲ, ಹಾಗಾಗಿ ಸ್ಕ್ರೀನಿನಲ್ಲಿ ಕಾಣುವುದೂ ಇಲ್ಲ. ಪೇಪರಿನಲ್ಲಿ ಬಿಡಿಸುವಾಗ ನಾವು ಅಲ್ಲಿ ಸಣ್ಣ ಖಾಲಿ ವೃತ್ತ ಹಾಕುತ್ತೇವೆ. ಮಗಳ ಪೇಪರಿನಲ್ಲಿ 3ರ ಸುತ್ತ ವೃತ್ತ ಹಾಕಿದವರು ಅದನ್ನೇ ಎರಡು ವಾಕ್ಯದಲ್ಲಿ ಹೇಳಬಹುದಿತ್ತು.

ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೇಲೆ ಸೊನ್ನೆ ಅಲ್ಲ, ಕೆಳಗೆ ಮಾತ್ರ ಸೊನ್ನೆ ಆದರೆ ಗ್ರಾಫ್ ಆಕಾಶಕ್ಕೋ ಪಾತಾಳಕ್ಕೋ ಓಡುತ್ತದೆ. ಅಲ್ಲಿ ಲಂಬವಾದ ಅಸಿಂಪ್ಟೋಟ್. 1/ಕ್ಷ ತೆಗೆದುಕೊಳ್ಳಿ. ಕ್ಷ 0.1 ಆದರೆ 10. 0.01 ಆದರೆ 100. 0.001 ಆದರೆ 1000.

ನೀರ್ಚಾಲು

ಅಂದರೆ 0/0 ಬಂದರೆ ತೂತು, 5/0 ತರ ಬಂದರೆ ಅಸಿಂಪ್ಟೋಟ್. ಇಷ್ಟು ನೆನಪಿಟ್ಟರೆ ಸಾಕಲ್ವಾ?

ಕುಂಬಳೆ ಮಾಷ್ಟ್ರು

ಪರೀಕ್ಷೆಗೆ ಅಷ್ಟು ಸಾಕು.

ಪೆರ್ಲ ಬಿಎಸ್ಸಿ

ಮಾಷ್ಟ್ರೇ, ಕ್ಷಮಿಸಿ, ಸಾಕಾಗುವುದಿಲ್ಲ. (ಕ್ಷ − 3) / (ಕ್ಷ − 3)² ನೋಡಿ. 3 ಹಾಕಿದರೆ 0/0 ಬರುತ್ತದೆ. ಆದರೆ ಕಟ್ ಮಾಡಿದ ಮೇಲೆ 1/(ಕ್ಷ − 3) ಉಳಿಯುತ್ತದೆ. ಅಲ್ಲಿ ತೂತು ಅಲ್ಲ, ಅಸಿಂಪ್ಟೋಟ್. ಒಂದೇ ಅಪವರ್ತನ ಮೇಲೆ ಎಷ್ಟು ಸಲ, ಕೆಳಗೆ ಎಷ್ಟು ಸಲ ಉಂಟು ಅಂತ ಎಣಿಸಬೇಕು. ಕೆಳಗೆ ಜಾಸ್ತಿ ಇದ್ದರೆ ಅಸಿಂಪ್ಟೋಟ್. ಸಮ ಇದ್ದರೆ ಅಥವಾ ಮೇಲೆ ಜಾಸ್ತಿ ಇದ್ದರೆ ತೂತು.

ಕುಂಬಳೆ ಮಾಷ್ಟ್ರು

ನೀನು ಹೇಳಿದ್ದು ಸರಿ ಮಗಾ. ನಾನು ಅವಸರದಲ್ಲಿ ಒಪ್ಪಿಬಿಟ್ಟೆ. ನೀರ್ಚಾಲಿನವರೇ, ಹೀಗೆ ತಿದ್ದಿಕೊಳ್ಳಿ: ಮೇಲೆ ಕೆಳಗೆ ಎರಡನ್ನೂ ಅಪವರ್ತಿಸಿ. ಛೇದ ಸೊನ್ನೆ ಆಗುವ ಎಲ್ಲ ಸಂಖ್ಯೆಗಳನ್ನು ಡೊಮೈನಿನಿಂದ ತೆಗೆಯಿರಿ. ಮತ್ತೆ ಪೂರ್ತಿ ಕಟ್ ಮಾಡಿ. ಕಟ್ ಆದ ಮೇಲೂ ಕೆಳಗೆ ಸೊನ್ನೆ ಮಾಡುವ ಸಂಖ್ಯೆ ಉಳಿದರೆ ಅಲ್ಲಿ ಲಂಬ ಅಸಿಂಪ್ಟೋಟ್. ತೆಗೆದ ಸಂಖ್ಯೆ ಕೆಳಗಿನಿಂದ ಪೂರ್ತಿ ಮಾಯವಾಗಿದ್ದರೆ ಅಲ್ಲಿ ತೂತು.

ಬದಿಯಡ್ಕ ತೋಟ

ನಾನು ಗಣಿತದವನಲ್ಲ, ಅಡಿಕೆಯವನು. ಆದರೆ ಇದನ್ನು ಓದುವಾಗ ನಮ್ಮ ಮೈಲುತುತ್ತು ಕಣ್ಣೆದುರು ಬಂತು. ಅಡಿಕೆಯ ಕೊಳೆರೋಗಕ್ಕೆ ಮಳೆಗೆ ಮೊದಲು ಬೋರ್ಡೋ ಮದ್ದು ಬಿಡುತ್ತೇವೆ. 1 ಪರ್ಸೆಂಟ್ ಅಂದರೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತು ಒಂದು ಡ್ರಮ್ಮಿನಲ್ಲಿ 50 ಲೀಟರಿನಲ್ಲಿ, ಸುಣ್ಣ ಇನ್ನೊಂದರಲ್ಲಿ 50 ಲೀಟರಿನಲ್ಲಿ, ಮತ್ತೆ ಎರಡನ್ನೂ ಸೇರಿಸುವುದು.

1 ಕಿಲೋ ತುತ್ತಿಗೆ ನೀರು ಕ್ಷ ಲೀಟರ್ ಅಂತ ಇಟ್ಟುಕೊಳ್ಳಿ. ಮದ್ದಿನ ಸ್ಟ್ರಾಂಗ್ 100/ಕ್ಷ ಪರ್ಸೆಂಟ್. ನೀರು 100 ಆದರೆ 1. 200 ಆದರೆ ಅರ್ಧ. 400 ಆದರೆ ಕಾಲು. ಕೆಲಸದವರು ನೀರು ಜಾಸ್ತಿ ಹೊಯ್ದಷ್ಟೂ ಮದ್ದು ನೀರಾಗುತ್ತಾ ಹೋಗುತ್ತದೆ. ಆದರೆ ಎಷ್ಟು ಹೊಯ್ದರೂ ಡ್ರಮ್ಮಿನಿಂದ ತುತ್ತು ಮಾಯ ಆಗುವುದಿಲ್ಲ. ಸೊನ್ನೆ ಪರ್ಸೆಂಟ್ ಅಂತ ಆಗುವುದೇ ಇಲ್ಲ. ಅದೇ ಅಡ್ಡ ಅಸಿಂಪ್ಟೋಟ್ ಅಲ್ವಾ?

ನೀರು ಕಡಿಮೆ ಮಾಡಿ ನೋಡಿ. 50ಕ್ಕೆ 2, 10ಕ್ಕೆ 10, 1 ಲೀಟರಿಗೆ 100. ಸೂತ್ರಕ್ಕೆ ನಾಚಿಕೆ ಇಲ್ಲ, ಅದು ಹೇಳುತ್ತಾ ಹೋಗುತ್ತದೆ. ಆದರೆ ಒಂದು ಕಿಲೋ ತುತ್ತು ಒಂದು ಲೀಟರ್ ನೀರಿನಲ್ಲಿ ಕರಗುವುದಿಲ್ಲ, ಅಡಿಯಲ್ಲಿ ನೀಲಿ ಹರಳು ಹಾಗೇ ಕೂತಿರುತ್ತದೆ. ಸೂತ್ರದ ಡೊಮೈನ್ ಬೇರೆ, ತೋಟದ ಡೊಮೈನ್ ಬೇರೆ.

ಪೆರ್ಲ ಬಿಎಸ್ಸಿ

ಅಣ್ಣ, ಸರಿಯಾದ ಉದಾಹರಣೆ. ಸೂತ್ರಕ್ಕೆ ಸೊನ್ನೆ ಒಂದು ಬಿಟ್ಟು ಎಲ್ಲವೂ ಆಗುತ್ತದೆ, ಮೈನಸ್ 20 ಕೂಡ. ತೋಟದಲ್ಲಿ ಮೈನಸ್ 20 ಲೀಟರ್ ನೀರು ಎಲ್ಲಿಂದ ತರುವುದು? ಲೆಕ್ಕದ ಪ್ರಶ್ನೆ ಕಥೆಯಾಗಿ ಬಂದರೆ ಡೊಮೈನ್ ಬರೆಯುವಾಗ ಈ ಎರಡನ್ನೂ ನೋಡಬೇಕು.

ಉಪ್ಪಳದವ

ತೋಟದಣ್ಣ, ಸುಣ್ಣ ಎಲ್ಲಿಂದ ತರುತ್ತೀರಿ? ಈ ಸಲ ನಮ್ಮಲ್ಲಿ ಸಿಕ್ಕಿದ ಸುಣ್ಣ ನೀರಿಗೆ ಹಾಕಿದರೆ ಕುದಿಯಲೇ ಇಲ್ಲ.

ಬದಿಯಡ್ಕ ತೋಟ

ಗಾಳಿ ತಾಗಿದ ಹಳೆ ಸುಣ್ಣ ಇರಬೇಕು. ಅದರಲ್ಲಿ ಮದ್ದು ಮಾಡಬೇಡಿ. ಹೊಸ ಬ್ಲೇಡ್ ಅಥವಾ ಚೂರಿ ಮದ್ದಿನಲ್ಲಿ ಅದ್ದಿ ನೋಡಿ, ತಾಮ್ರದ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡುವಾ. ಇಲ್ಲಿ ಆ ಮಗುವಿನ ಲೆಕ್ಕ ಮುಗಿಯಲಿ.

ಮಂಜೇಶ್ವರ ಟೀಚರ್

ಈಗ ಎರಡನೇ ಪ್ರಶ್ನೆಗೆ ಬರೋಣ. "ಮುಟ್ಟದ ಗೆರೆ" ಅನ್ನುವುದು ಅರ್ಧ ಸತ್ಯ. ಅದು ಮಕ್ಕಳಿಗೆ ತುಂಬಾ ತೊಂದರೆ ಕೊಡುತ್ತದೆ.

ಇಂಥ ಭಾಗಾಕಾರದ ಗ್ರಾಫ್‌ಗಳಲ್ಲಿ ಲಂಬ ಅಸಿಂಪ್ಟೋಟ್ ಮುಟ್ಟಲು ಸಾಧ್ಯವೇ ಇಲ್ಲ. ಯಾಕೆಂದರೆ ಆ ಸಂಖ್ಯೆಗೆ ಬೆಲೆಯೇ ಇಲ್ಲ, ಅಲ್ಲಿ ಇಡಲು ಬಿಂದುವೇ ಇಲ್ಲ. ಅಡ್ಡ ಅಸಿಂಪ್ಟೋಟ್ ಹಾಗಲ್ಲ. ಅದು ಹೇಳುವುದು ತುಂಬಾ ದೂರದ ಕಥೆ. ಕ್ಷ ಬಹಳ ದೊಡ್ಡದಾದಾಗ ಗ್ರಾಫ್ ಯಾವ ಎತ್ತರಕ್ಕೆ ಹತ್ತಿರ ಆಗುತ್ತದೆ ಅಂತ ಮಾತ್ರ ಅದು ಹೇಳುತ್ತದೆ. ನಡುವಿನಲ್ಲಿ ಗ್ರಾಫ್ ಆ ಗೆರೆಯನ್ನು ಮುಟ್ಟಲಿ, ದಾಟಲಿ, ಅದಕ್ಕೆ ಏನೂ ಆಗಬೇಕಾಗಿಲ್ಲ.

ಕ್ಷ/(ಕ್ಷ² + 1) ತೆಗೆದುಕೊಳ್ಳಿ. ಕ್ಷ 0 ಆದರೆ 0. ಅಲ್ಲೇ ದಾಟಿತು. 1 ಆದರೆ 0.5. 10 ಆದರೆ 10/101, ಅಂದರೆ ಸುಮಾರು 0.099. 100 ಆದರೆ ಸುಮಾರು 0.01. ಏರಿ ಮತ್ತೆ ಇಳಿದು ಸೊನ್ನೆಯ ಗೆರೆಗೆ ಒರಗುತ್ತಾ ಹೋಗುತ್ತದೆ. ಕೆಳಗಿನ ಕ್ಷ² + 1 ಯಾವತ್ತೂ ಸೊನ್ನೆ ಆಗುವುದಿಲ್ಲ. ಹಾಗಾಗಿ ಇದರಲ್ಲಿ ಡೊಮೈನಿನಿಂದ ತೆಗೆಯಲು ಏನೂ ಇಲ್ಲ, ಲಂಬ ಅಸಿಂಪ್ಟೋಟ್ ಕೂಡ ಇಲ್ಲ.

ಮಗಳ ನೋಟ್ಸ್ ತಪ್ಪು. ಮಗಳ ಕಣ್ಣು ಸರಿ.

ಕುಂಬಳೆ ಮಾಷ್ಟ್ರು

ಟೀಚರ್ ಹೇಳಿದ್ದು ಸರಿ. ಆದರೆ ನೋಟ್ಸ್ ಬರೆಸಿದವರನ್ನು ಪೂರ್ತಿ ದೂರುವುದೂ ಬೇಡ. ಆ ಶಬ್ದವೇ ಹಾಗೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ "ಕೂಡಿ ಬೀಳದ್ದು" ಅಂತ. ಎರಡು ಸಾವಿರಕ್ಕಿಂತ ಹೆಚ್ಚು ವರ್ಷ ಹಿಂದೆ ಗ್ರೀಕ್ ಗಣಿತಜ್ಞ ಅಪೊಲೋನಿಯಸ್ ಹೈಪರ್‌ಬೋಲಾ ಅನ್ನುವ ಬಾಗಿದ ಗೆರೆಯ ಬಗ್ಗೆ ಬರೆಯುವಾಗ ಈ ಮಾತು ಬಳಸಿದ. ಹೈಪರ್‌ಬೋಲಾ ತನ್ನ ಅಸಿಂಪ್ಟೋಟನ್ನು ನಿಜವಾಗಿ ಮುಟ್ಟುವುದಿಲ್ಲ. 1/ಕ್ಷ ಗ್ರಾಫ್ ಕೂಡ ಹೈಪರ್‌ಬೋಲಾವೇ. ಮಕ್ಕಳು ಮೊದಲು ನೋಡುವ ಗ್ರಾಫ್ ಅದು, ಪ್ಲಸ್ ವನ್ ಪುಸ್ತಕದ ಎರಡನೇ ಪಾಠದಲ್ಲೇ ಉಂಟು. ಅಲ್ಲಿ ಸರಿ ಇದ್ದದ್ದನ್ನು ಎಲ್ಲ ಕಡೆಗೂ ಎಳೆದದ್ದು ತಪ್ಪಾಯಿತು.

ಹೊಸಂಗಡಿ ಟ್ಯಾಕ್ಸಿ

ನನಗೆ ಗೊತ್ತಿರುವುದು ರೋಡು. ನನ್ನದೂ ಒಂದು ಲೆಕ್ಕ ಉಂಟು, ಇದಕ್ಕೆ ಸೇರುತ್ತದಾ ನೋಡಿ. ಕಾಸರಗೋಡಿನಿಂದ ಮಂಗಳೂರಿಗೆ ಹತ್ತಿರ ಹತ್ತಿರ 50 ಕಿಲೋಮೀಟರ್. ಹೋಗುವಾಗ ಟ್ರಾಫಿಕ್, ಸರಾಸರಿ 40ರಲ್ಲಿ ಹೋದೆ ಅಂತ ಇಟ್ಟುಕೊಳ್ಳಿ. ಬರುವಾಗ ಎಷ್ಟು ಸ್ಪೀಡಿನಲ್ಲಿ ಬಂದರೆ ಹೋಗಿ ಬಂದದ್ದರ ಸರಾಸರಿ 80 ಆಗುತ್ತದೆ? ಒಬ್ಬರು ಪ್ಯಾಸೆಂಜರ್ 120 ಅಂದರು. ಹೌದು ಅಂತ ನಾನೂ ತಲೆ ಅಲ್ಲಾಡಿಸಿದೆ. ಮನೆಗೆ ಬಂದು ಕೂತು ಲೆಕ್ಕ ಹಾಕಿದರೆ ಬರುವುದೇ ಇಲ್ಲ.

ಪೆರ್ಲ ಬಿಎಸ್ಸಿ

ಸೇರುತ್ತದೆ ಅಣ್ಣ! ಬರುವಾಗಿನ ಸ್ಪೀಡು ಕ್ಷ ಆದರೆ ಒಟ್ಟು ಸರಾಸರಿ 80ಕ್ಷ/(40 + ಕ್ಷ). 60ರಲ್ಲಿ ಬಂದರೆ 48. 120ರಲ್ಲಿ ಬಂದರೆ 60. 1000ದಲ್ಲಿ ಹಾರಿ ಬಂದರೂ ಸುಮಾರು 76.9. ಮೇಲೂ ಕ್ಷ ಒಂದೇ ಘಾತ, ಕೆಳಗೂ ಒಂದೇ ಘಾತ. ಕ್ಷ ತುಂಬಾ ದೊಡ್ಡದಾದಾಗ ಕೆಳಗಿನ 40 ಲೆಕ್ಕಕ್ಕೇ ಬರುವುದಿಲ್ಲ, 80ಕ್ಷ ಭಾಗಿಸು ಕ್ಷ, ಅಂದರೆ 80. ಅದು ಅಡ್ಡ ಅಸಿಂಪ್ಟೋಟ್. ಇಲ್ಲಿ ಗ್ರಾಫ್ ಅದನ್ನು ನಿಜವಾಗಿಯೂ ಮುಟ್ಟುವುದಿಲ್ಲ.

ಮಂಜೇಶ್ವರ ಟೀಚರ್

ಯಾಕೆ ಮುಟ್ಟುವುದಿಲ್ಲ ಅಂತ ಸೂತ್ರ ಇಲ್ಲದೆಯೂ ಹೇಳಬಹುದು. ಹೋಗಿ ಬರಲು 100 ಕಿಲೋಮೀಟರ್. ಸರಾಸರಿ 80 ಬೇಕಾದರೆ ಒಟ್ಟು ಒಂದೂಕಾಲು ಗಂಟೆಯಲ್ಲಿ ಮುಗಿಯಬೇಕು. ಹೋಗುವಾಗಲೇ 40ರಲ್ಲಿ ಒಂದೂಕಾಲು ಗಂಟೆ ಮುಗಿಯಿತು. ಬರಲು ಕೈಯಲ್ಲಿ ಒಂದು ಸೆಕೆಂಡೂ ಉಳಿದಿಲ್ಲ.

ಹೊಸಂಗಡಿ ಟ್ಯಾಕ್ಸಿ

ಟೀಚರ್, ಈಗ ಅರ್ಥ ಆಯಿತು. ಇದನ್ನು ಆ ಪ್ಯಾಸೆಂಜರಿಗೆ ಹೇಳಲೇಬೇಕು. ಬೆಳಿಗ್ಗೆ ತಡ ಮಾಡಿ ಹೊರಟು, ಮತ್ತೆ ಓಡಿಸು ಓಡಿಸು ಅನ್ನುವವರು ಎಷ್ಟು ಜನ!

ನೀರ್ಚಾಲು

1 ಭಾಗಿಸು 0 ಅಂದರೆ ಇನ್ಫಿನಿಟಿ ಅಂತ ನಮಗೆ ಹೇಳಿಕೊಟ್ಟದ್ದು. ನೀವೆಲ್ಲ ಬೆಲೆಯೇ ಇಲ್ಲ ಅನ್ನುತ್ತಿದ್ದೀರಿ. ಯಾವುದು ಸರಿ?

ಜತ್ತ ಕನ್ನಡಿಗ

ನಾನು ಮಹಾರಾಷ್ಟ್ರದ ಜತ್ತ ತಾಲ್ಲೂಕಿನಿಂದ ಬರೀತಿದ್ದೀನಿ. ನಿಮ್ಮ ಚರ್ಚೆ ಓದಿ ಭಾಳ ಖುಷಿ ಆಯ್ತು. ಸೊನ್ನೆ ಭಾಗಾಕಾರದ ಗೊಂದಲ ಇವತ್ತಿಂದಲ್ಲ. 628ರಲ್ಲಿ ಬ್ರಹ್ಮಗುಪ್ತ ಸೊನ್ನೆ ಭಾಗಿಸು ಸೊನ್ನೆ ಅಂದ್ರೆ ಸೊನ್ನೆ ಅಂದ. ಒಂಬತ್ತನೇ ಶತಮಾನದಾಗ ರಾಷ್ಟ್ರಕೂಟರ ಅಮೋಘವರ್ಷನ ಕಾಲದ ನಮ್ಮ ಕನ್ನಡ ನಾಡಿನ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಂಗೇ ಉಳೀತದೆ ಅಂತ ಬರೆದ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯ ಸೊನ್ನೆಯಿಂದ ಭಾಗಿಸಿದ್ದನ್ನು ಖಹರ ಅಂತ ಕರೆದು, ಅದು ಅನಂತ, ಅದಕ್ಕೆ ಏನು ಕೂಡಿಸಿದರೂ ಏನು ಕಳೆದರೂ ಬದಲಾಗೋದಿಲ್ಲ ಅಂದ. ಇಷ್ಟು ದೊಡ್ಡವರೇ ಮೂರು ದಾರಿ ಹಿಡಿದ ಜಾಗದಾಗ ಒಂದು ಹುಡುಗಿ ಎಡವಿದ್ರೆ ತಪ್ಪೇನ್ರಿ?

ಪೆರ್ಲ ಬಿಎಸ್ಸಿ

ನೀರ್ಚಾಲಿನವರಿಗೆ: 1/ಕ್ಷ ಗ್ರಾಫ್‌ನಲ್ಲಿ ಸೊನ್ನೆಯ ಹತ್ತಿರಕ್ಕೆ ಬಲಗಡೆಯಿಂದ ಬನ್ನಿ. 0.01ಕ್ಕೆ 100, ಮೇಲೆ ಹೋಗುತ್ತದೆ. ಎಡಗಡೆಯಿಂದ ಬನ್ನಿ. −0.01ಕ್ಕೆ −100, ಕೆಳಗೆ ಹೋಗುತ್ತದೆ. ಸೊನ್ನೆಯಲ್ಲಿ ಇನ್ಫಿನಿಟಿ ಅಂದರೆ ಯಾವುದು, ಮೇಲಿನದಾ ಕೆಳಗಿನದಾ? ಅದಕ್ಕೇ ಬೆಲೆ ಇಲ್ಲ ಅನ್ನುವುದು. ಇನ್ಫಿನಿಟಿ ಅನ್ನುವುದು ಇಲ್ಲಿ ಗ್ರಾಫ್ ಓಡುವ ದಿಕ್ಕು. ಅದನ್ನು ಸಂಖ್ಯೆ ಅಂತ ಹಿಡಿಯಬಾರದು.

1/ಕ್ಷ² ಆದರೆ ಎರಡು ಕಡೆಯಿಂದಲೂ ಮೇಲೆಯೇ ಹೋಗುತ್ತದೆ, ವರ್ಗ ಮಾಡಿದರೆ ಮೈನಸ್ ಹೋಗುತ್ತದಲ್ಲ. ಕಟ್ ಆದ ಮೇಲೆ ಕೆಳಗಿನ ಅಪವರ್ತನ ಬೆಸ ಸಲ ಇದ್ದರೆ ಎರಡು ಕಡೆ ಎರಡು ದಿಕ್ಕು, ಸರಿ ಸಲ ಇದ್ದರೆ ಒಂದೇ ದಿಕ್ಕು.

ಉಪ್ಪಳದವ

ಇದೆಲ್ಲ ಸರಿ. ಆದರೆ ನಾನು ನೇರ ಹೇಳುತ್ತೇನೆ. ಹತ್ತರವರೆಗೆ ಕನ್ನಡ, ಮತ್ತೆ ಒಮ್ಮೆಲೇ ಇಂಗ್ಲಿಷ್, ಇದೇ ಮೂಲ ಸಮಸ್ಯೆ. ಎಂಟನೇ ಕ್ಲಾಸಿನಿಂದಲೇ ಗಣಿತ ಇಂಗ್ಲಿಷಿನಲ್ಲಿ ಮಾಡಿದ್ದರೆ ಈ ಹುಡುಗಿ ಇವತ್ತು ಅಳಬೇಕಿರಲಿಲ್ಲ.

ಮಂಜೇಶ್ವರ ಟೀಚರ್

ಒಪ್ಪುವುದಿಲ್ಲ. ನನ್ನ ಕ್ಲಾಸಿನಲ್ಲಿ ಆದದ್ದನ್ನು ಹೇಳುತ್ತೇನೆ. ಪ್ಲಸ್ ವನ್ ಮಕ್ಕಳು, ಕನ್ನಡ ಮಾಧ್ಯಮದಿಂದ ಬಂದವರು ಒಂಬತ್ತು ಜನ. ಡಿನಾಮಿನೇಟರ್ ಸೊನ್ನೆ ಆದರೆ ಏನು ಅಂತ ಕೇಳಿದೆ. ಎಲ್ಲರೂ ಡೆಸ್ಕ್ ನೋಡಿದರು. ಬೋರ್ಡಿನಲ್ಲಿ ಆ ಶಬ್ದದ ಕೆಳಗೆ "ಛೇದ" ಅಂತ ಬರೆದೆ. ಏಳು ಕೈ ಮೇಲೆ ಬಂತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು "ಟೀಚರ್, ಛೇದ ಸೊನ್ನೆ ಆಗಬಾರದು, ಆರನೇ ಕ್ಲಾಸಿನಲ್ಲೇ ಕಲಿತದ್ದು" ಅಂದ. ಗಣಿತ ಅವರಲ್ಲಿ ಉಂಟು. ಅದಕ್ಕೆ ಅಂಟಿಸಿದ ಹೆಸರು ಬದಲಾಯಿತು, ಬದಲಾದದ್ದನ್ನು ಯಾರೂ ಹೇಳಲಿಲ್ಲ, ಅಷ್ಟೇ.

ನಮ್ಮ ಮಕ್ಕಳು ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ ಮಾತಾಡುತ್ತಾರೆ. ಶಾಲೆಯಲ್ಲಿ ಕನ್ನಡ, ಬಸ್ ಸ್ಟಾಂಡಿನಲ್ಲಿ ಮಲಯಾಳ. ಇನ್ನೊಂದು ಭಾಷೆ ಅವರಿಗೆ ಭಾರ ಅಲ್ಲ. ಮೊದಲ ಎರಡು ತಿಂಗಳು ಎರಡೂ ಶಬ್ದ ಪಕ್ಕ ಪಕ್ಕ ಬರೆದುಕೊಟ್ಟರೆ ಸಾಕು.

ಜತ್ತ ಕನ್ನಡಿಗ

ನಮ್ಮ ಕಡೆ ಮಕ್ಕಳದೂ ಇದೇ ಕಥೆ ಟೀಚರ್. ಕನ್ನಡ ಶಾಲೆ ಮುಗಿಸಿ ಮರಾಠಿ ಇಲ್ಲಾ ಇಂಗ್ಲಿಷ್ ಕಾಲೇಜಿಗೆ ಹೋಗ್ತಾರ. ನೀವು ಹೇಳಿದ ಶಬ್ದಗಳ ಪಟ್ಟಿ ಇದ್ರೆ ಇಲ್ಲಿ ಹಾಕ್ರಿ.

ನೀರ್ಚಾಲು

ಅಸಿಂಪ್ಟೋಟ್‌ಗೆ ಕನ್ನಡದಲ್ಲಿ ಸುಲಭದ ಒಂದು ಶಬ್ದ ಬೇಕು. "ಮುಟ್ಟದ ಗೆರೆ" ಅಂತ ಇಡಬಹುದು ಅಂತಿದ್ದೆ, ಆದರೆ ಮೇಲೆ ಓದಿದ ಮೇಲೆ ಬೇಡ ಅನ್ನಿಸಿತು.

ಬದಿಯಡ್ಕ ತೋಟ

"ಒರಗು ಗೆರೆ" ಹೇಗೆ? ಟೀಚರೇ ಮೇಲೆ "ಗೆರೆಗೆ ಒರಗುತ್ತಾ ಹೋಗುತ್ತದೆ" ಅಂತ ಬರೆದಿದ್ದಾರೆ.

ಮಂಜೇಶ್ವರ ಟೀಚರ್

ಬರೆದದ್ದು ನಾನೇ, ನನಗೆ ಗಮನಕ್ಕೇ ಬಂದಿರಲಿಲ್ಲ! ಚೆನ್ನಾಗಿದೆ. ನಾಳೆ ಕ್ಲಾಸಿನಲ್ಲಿ ಹೇಳಿ ನೋಡುತ್ತೇನೆ.

ಉಪ್ಪಳದವ

ಪರೀಕ್ಷೆಯಲ್ಲಿ ಒರಗು ಗೆರೆ ಅಂತ ಬರೆದರೆ ಮಾರ್ಕು ಕೊಡುವವರು ಯಾರು? ಮಕ್ಕಳನ್ನು ಪ್ರೀತಿಸುವುದು ಅಂದರೆ ಅವರನ್ನು ಮುಂದಿನ ಪರೀಕ್ಷೆಗೆ ತಯಾರು ಮಾಡುವುದು. ನನ್ನ ತಮ್ಮ ಇದೇ ಕಾರಣಕ್ಕೆ ಸೈನ್ಸ್ ಬಿಟ್ಟ. ನಾನು ಸುಮ್ನೆ ಹೇಳುತ್ತಿಲ್ಲ.

ಮಂಜೇಶ್ವರ ಟೀಚರ್

ಪೇಪರಿನಲ್ಲಿ ಇಂಗ್ಲಿಷ್ ಶಬ್ದವನ್ನೇ ಬರೆಯಲಿ ಅಣ್ಣ. ತಲೆಯಲ್ಲಿ ಅರ್ಥ ಕೂರಲು ಕನ್ನಡ ಬೇಕು. ನಿಮ್ಮ ತಮ್ಮನಿಗೂ ಆ ಎರಡು ತಿಂಗಳ ಸಹಾಯ ಸಿಕ್ಕಿದ್ದರೆ ಅಂತ ನನಗೆ ಈಗ ಬೇಜಾರಾಗುತ್ತದೆ.

ಉಪ್ಪಳದವ

ಸಿಗಲಿಲ್ಲ ಟೀಚರ್. ಅದು ಹೌದು.

ಕುಂಬಳೆ ಮಾಷ್ಟ್ರು

ಮಗಳಿಗೆ ಇನ್ನೊಂದು ವಿಷಯ ಹೇಳಿ ನಾನು ನಿಲ್ಲಿಸುತ್ತೇನೆ. ಗ್ರಾಫ್ ದೂರದಲ್ಲಿ ಏನು ಮಾಡುತ್ತದೆ ಅಂತ ನೋಡಲು ಮೇಲಿನ ದೊಡ್ಡ ಘಾತ, ಕೆಳಗಿನ ದೊಡ್ಡ ಘಾತ ಹೋಲಿಸಿದರೆ ಸಾಕು. ಕೆಳಗಿನದು ದೊಡ್ಡದಾದರೆ ಸೊನ್ನೆಯ ಗೆರೆಗೆ ಇಳಿಯುತ್ತದೆ, ತೋಟದವರ ಮದ್ದಿನ ಹಾಗೆ. ಎರಡೂ ಸಮ ಇದ್ದರೆ ಆ ದೊಡ್ಡ ಘಾತಗಳಿಗೆ ಗುಣಿಸಿರುವ ಸಂಖ್ಯೆಗಳನ್ನು ಭಾಗಿಸಿ. (6ಕ್ಷ² + 5)/(2ಕ್ಷ² − 8) ಆದರೆ 6 ಭಾಗಿಸು 2, ಗೆರೆ 3ರಲ್ಲಿ. ಡೊಮೈನಿನಲ್ಲಿ 2 ಮತ್ತು −2 ಇರಬಾರದು.

ಮೇಲಿನದು ಒಂದು ಘಾತ ಜಾಸ್ತಿ ಇದ್ದರೆ ಅಡ್ಡ ಗೆರೆ ಸಿಗುವುದಿಲ್ಲ, ಓರೆ ಗೆರೆ ಸಿಗುತ್ತದೆ. ಚಿಕ್ಕ ಕ್ಲಾಸಿನಲ್ಲಿ 17 ಭಾಗಿಸು 5 ಅಂದರೆ 3, ಶೇಷ 2 ಅಂತ ಮಾಡುತ್ತಿದ್ದೆವಲ್ಲ, ಅದೇ. (ಕ್ಷ² + 1)/ಕ್ಷ ಭಾಗಿಸಿದರೆ ಭಾಗಲಬ್ಧ ಕ್ಷ, ಶೇಷ 1. ಅಂದರೆ ಕ್ಷ + 1/ಕ್ಷ. ದೂರ ಹೋದ ಹಾಗೆ 1/ಕ್ಷ ಸಣ್ಣದಾಗುತ್ತದೆ, ಗ್ರಾಫ್ ಕ್ಷ ಅನ್ನುವ ಓರೆ ಗೆರೆಗೆ ಒರಗುತ್ತದೆ.

ಅವಳ ಪುಸ್ತಕದ ಎರಡನೇ ಪಾಠದ ಕೊನೆಯ ಅಭ್ಯಾಸದಲ್ಲಿ (ಕ್ಷ² + 2ಕ್ಷ + 1)/(ಕ್ಷ² − 8ಕ್ಷ + 12) ಅಂತ ಒಂದು ಲೆಕ್ಕ ಉಂಟು. ಡೊಮೈನ್ ಮಾತ್ರ ಕೇಳಿದ್ದಾರೆ. ಅವಳು ಅಸಿಂಪ್ಟೋಟ್ ಕೂಡ ಹುಡುಕಲಿ. ಅಡ್ಡ ಗೆರೆಯನ್ನು ಗ್ರಾಫ್ ದಾಟುತ್ತದಾ ಅಂತಲೂ ನೋಡಲಿ.

ಮುಳ್ಳೇರಿಯದ ಅಮ್ಮ

ಮಾಷ್ಟ್ರೇ, ಇದು ಮಗಳು ಬರೆಯುತ್ತಿರುವುದು, ಅಮ್ಮನ ಫೋನಿನಿಂದ.

ಕೆಳಗಿನದು (ಕ್ಷ − 2)(ಕ್ಷ − 6). ಮೇಲಿನದು (ಕ್ಷ + 1)². ಕಟ್ ಆಗುವಂಥದ್ದು ಏನೂ ಇಲ್ಲ. ಡೊಮೈನ್ 2 ಮತ್ತು 6 ಬಿಟ್ಟು ಎಲ್ಲ ವಾಸ್ತವ ಸಂಖ್ಯೆಗಳು. ತೂತು ಇಲ್ಲ. ಲಂಬ ಗೆರೆ 2ರಲ್ಲಿ ಒಂದು, 6ರಲ್ಲಿ ಒಂದು. ಘಾತ ಸಮ, ಹಾಗಾಗಿ ಅಡ್ಡ ಗೆರೆ 1ರಲ್ಲಿ.

ದಾಟುತ್ತದಾ ನೋಡಲು ಮೇಲಿನದೂ ಕೆಳಗಿನದೂ ಸಮ ಅಂತ ಬರೆದೆ. ಕ್ಷ² ಎರಡು ಕಡೆಯಿಂದಲೂ ಹೋಯಿತು. 10ಕ್ಷ = 11 ಬಂತು. ಕ್ಷ = 1.1. ನಂಬಿಕೆ ಬರಲಿಲ್ಲ, ಹಾಕಿ ನೋಡಿದೆ. ಮೇಲೆ 2.1ರ ವರ್ಗ, 4.41. ಕೆಳಗೆ 1.21 − 8.8 + 12, ಅದೂ 4.41! 1.1ರಲ್ಲಿ ಗ್ರಾಫ್ 1ರ ಗೆರೆಯ ಮೇಲೆಯೇ ಉಂಟು. 1.1 ಡೊಮೈನಿನಲ್ಲೂ ಉಂಟು.

ಒಂದು ಸಂಶಯ. −1ರಲ್ಲಿ ಮೇಲಿನದು ಸೊನ್ನೆ, ಕೆಳಗಿನದು 21. ಬೆಲೆ 0. ಗ್ರಾಫ್ ಅಲ್ಲಿ ಕ್ಷ ಅಕ್ಷವನ್ನು ದಾಟುತ್ತದಾ, ಮುಟ್ಟಿ ಮೇಲೆ ಬರುತ್ತದಾ? −1.1 ಮತ್ತು −0.9 ಹಾಕಿದರೆ ಎರಡೂ ಪ್ಲಸ್ ಬರುತ್ತಿದೆ.

ಪೆರ್ಲ ಬಿಎಸ್ಸಿ

ಮುಟ್ಟಿ ಮೇಲೆ ಬರುತ್ತದೆ. ಕ್ಷ + 1 ಎರಡು ಸಲ ಇರುವುದರಿಂದ. 1/ಕ್ಷ² ಕಥೆಯೇ, ಈ ಸಲ ಮೇಲಿನ ಮನೆಯಲ್ಲಿ.

ಕುಂಬಳೆ ಮಾಷ್ಟ್ರು

ಗ್ರಾಫ್ ಪೇಪರಿನಲ್ಲಿ ಬಿಡಿಸಿ ಫೋಟೋ ಹಾಕು ಮಗಳೇ. 2 ಮತ್ತು 6ರ ನಡುವಿನ ತುಂಡನ್ನು ಮರೆಯಬೇಡ. ಮೊದಲು 4 ಹಾಕಿ ನೋಡು, ಎಷ್ಟು ಕೆಳಗೆ ಉಂಟು ಅಂತ ಗೊತ್ತಾಗುತ್ತದೆ.

ಮುಳ್ಳೇರಿಯದ ಅಮ್ಮ

25 ಭಾಗಿಸು −4. ಅಂದರೆ −6.25. ಪೇಪರ್ ಸಾಲದು, ಇನ್ನೊಂದು ಅಂಟಿಸುತ್ತೇನೆ.